ಲೈನ್ ಬಿಟ್ಟ ಮೇಲೂ ಉಳಿದ ಪುಟ

ಮಾಲೀಕರು ಬೆಳಗಾವಿಯಿಂದ ಬಸ್ ಕಂಡಕ್ಟರನ ಕೈಲಿ ಒಂದು ಸಿಡಿ ಕಳಿಸಿದರು. ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದದ್ದು. ಅದರಲ್ಲಿ ಹೊಸ ಬ್ರೌಸರ್ ಇತ್ತು. ಸಿಡಿ ಕೈಸೇರುವ ಹೊತ್ತಿಗೆ ಅವರ ಫೋನೂ ಬಂತು.

"ಕಾಕಾ, ಈಗಿರೋ ಎರಡರ ಬಾಜೂಕ ಇದನ್ನೂ ಹಾಕಿ ನೋಡ್ರಿ. ಯಾವುದು ಜೋರ ಓಡತೈತಿ, ಯಾವುದು ಗಿರಾಕಿ ಗುಟ್ಟ ಕಾಯತೈತಿ, ಎರಡೂ ನೋಡ್ರಿ. ನೀವು ಹೇಳಿದ್ದನ್ನ ಎರಡೂ ಅಂಗಡ್ಯಾಗ ಹಾಕೂಣು."

ಎರಡು ಸಾವಿರದ ಇಸವಿಯ ಆಸುಪಾಸು. ಮಾಲೀಕರಿಗೆ ಬೆಳಗಾವಿಯಲ್ಲೊಂದು, ಖಾನಾಪುರದಲ್ಲೊಂದು ಸೈಬರ್ ಅಂಗಡಿ. ಖಾನಾಪುರದ್ದನ್ನು ನಾನು ನೋಡಿಕೊಳ್ಳುತ್ತಿದ್ದೆ. ಊರಿಗೆ ಅದೊಂದೇ. ಮೂರು ಯಂತ್ರ, ಮೂರಕ್ಕೂ ಸೇರಿ ಒಂದೇ ಟೆಲಿಫೋನ್ ಲೈನ್. ನನ್ನದು ಎಸ್ಸೆಸ್ಸೆಲ್ಸಿ, ವಯಸ್ಸು ಐವತ್ತು ದಾಟಿತ್ತು. "ನೀವು ಹೇಳಿದ್ದನ್ನ ಹಾಕೂಣು" ಎಂಬ ಮಾತನ್ನು ಅಲ್ಲಿಯವರೆಗೆ ಯಾರೂ ನನಗೆ ಹೇಳಿರಲಿಲ್ಲ. ಆ ಮಾತು ನನ್ನ ತಲೆಗೇರಿತು.

ಇಂಟರ್‌ನೆಟ್ಟಿನ ಪುಟಗಳನ್ನು ತರಿಸಿ ತೋರಿಸುವುದು ಬ್ರೌಸರಿನ ಕೆಲಸ. ನಮ್ಮಲ್ಲಿ ಎರಡಿದ್ದವು: ಯಂತ್ರದ ಜೊತೆಗೇ ಬಂದದ್ದೊಂದು, ಅದಕ್ಕಿಂತ ಹಳೆಯದೊಂದು. ಪರೀಕ್ಷೆಗೆ ಮೂರು ಪುಟ ಆರಿಸಿಕೊಂಡೆ. ರೈಲಿನ ವೇಳಾಪಟ್ಟಿ, ಪರೀಕ್ಷೆಯ ಫಲಿತಾಂಶ, ಎಲ್ಲರೂ ಬಳಸುವ ಮೇಲ್‌ನ ಮೊದಲ ಪುಟ. ಕೈಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ಒಂದೊಂದನ್ನೇ ತೆರೆದೆ. ಮೊದಲ ದಿನ ನಾನು ಕೊನೆಗೆ ತೆರೆದದ್ದೇ ಗೆದ್ದಿತು. ಮರುದಿನ ಸರದಿ ಬದಲಿಸಿದೆ, ಆಗಲೂ ಕೊನೆಯದೇ ಗೆದ್ದಿತು. ಮೊದಲು ಬಂದ ಪುಟ ಲೈನ್ ಹಚ್ಚುವ ಯಂತ್ರದಲ್ಲೇ ಕೂತಿರುತ್ತದೆ, ಆಮೇಲೆ ತೆರೆದ ಬ್ರೌಸರ್ ಅದನ್ನೇ ಬೇಗ ಎತ್ತಿಕೊಳ್ಳುತ್ತದೆ ಎಂಬುದು ಆಮೇಲೆ ಹೊಳೆಯಿತು. ಪ್ರತಿ ಸಲ ಎಲ್ಲವನ್ನೂ ಅಳಿಸಿ, ಯಂತ್ರ ಬಂದ್ ಮಾಡಿ, ಮತ್ತೆ ಹಚ್ಚಿ ನೋಡಿದೆ. ಬೆಳಿಗ್ಗೆ ಒಮ್ಮೆ, ಲೈನ್ ಜಡವಾಗುವ ಮಧ್ಯಾಹ್ನ ಒಮ್ಮೆ. ಹೊಸದು ಖರೇನೇ ಚುರುಕಾಗಿತ್ತು.

ಆದರೆ ಅದರ ದೊಡ್ಡ ಬಲ ಬೇರೆ ಕಡೆ ಇತ್ತು. ಖಾನಾಪುರದಲ್ಲಿ ನಾವು ಲೈನ್ ಹಚ್ಚಿಟ್ಟುಕೊಂಡು ಓದುತ್ತಿರಲಿಲ್ಲ. ಲೈನ್ ಹಚ್ಚುವುದು, ಮೂವರು ಗಿರಾಕಿಗಳ ಪುಟಗಳನ್ನೂ ಇಳಿಸುವುದು, ಲೈನ್ ಬಿಡುವುದು, ಆಮೇಲೆ ನಿಧಾನವಾಗಿ ಓದುವುದು. ಬೆಳಗಾವಿ ಅಂಗಡಿಯವರು ಇದಕ್ಕೆ ನಗುತ್ತಿದ್ದರು, ನಮಗೆ ಅದೇ ಪದ್ಧತಿ. ಹಳೆಯ ಎರಡರಲ್ಲಿ ಲೈನ್ ಬಿಟ್ಟ ಮೇಲೆ ಹಿಂದಿನ ಪುಟಕ್ಕೆ ಹೋದರೆ ಬಿಳಿ ಪರದೆ ಬರುತ್ತಿತ್ತು. ಹೊಸದರಲ್ಲಿ ಪುಟ ತಟ್ಟನೆ ಬರುತ್ತಿತ್ತು. ಅಷ್ಟೇ ಅಲ್ಲ, ಮೇಲಿನ ಸಾಲಿನ ಒಂದು ಮೂಲೆಯಲ್ಲಿ ಒತ್ತಿದರೆ ಉಳಿದುಕೊಂಡ ಪುಟಗಳದ್ದೆಲ್ಲ ಒಂದು ಪಟ್ಟಿಯೇ ಇಳಿಯುತ್ತಿತ್ತು. ಹೆಚ್ಚಿನ ಗಿರಾಕಿಗಳಿಗೆ ಆ ಮೂಲೆ ಗೊತ್ತಿರಲಿಲ್ಲ.

ಗುಟ್ಟಿನ ಪರೀಕ್ಷೆಗೆ ನಾನು ಒಂದು ಮಧ್ಯಾಹ್ನವನ್ನೂ ಪೂರ್ತಿ ಕೊಡಲಿಲ್ಲ. ಬ್ರೌಸರ್ ಮುಚ್ಚಿ ಮತ್ತೆ ತೆರೆದು, ವಿಳಾಸದ ಜಾಗದಲ್ಲಿ ಒಂದೆರಡು ಅಕ್ಷರ ಒತ್ತಿದೆ. ಹಳೆಯವು ಹಿಂದಿನವರು ಹೋದ ವಿಳಾಸಗಳನ್ನು ಸಾಲಾಗಿ ತೋರಿಸಿದವು. ಹೊಸದರಲ್ಲಿ 'ಮುಚ್ಚುವಾಗ ಅಳಿಸು' ಎಂಬುದಕ್ಕೆ ಗುರುತು ಹಾಕಿದ್ದೆ, ಅದು ಏನೂ ತೋರಿಸಲಿಲ್ಲ. ಅಲ್ಲಿಗೆ ನಿಲ್ಲಿಸಿದೆ. ಫೋನಿನಲ್ಲಿ ಮಾಲೀಕರು ಕೇಳಿದರು.

"ಜೋರ ಯಾವುದು?"

"ಹೊಸದ್ರಿ."

"ಗುಟ್ಟು?"

"ಅದರಾಗೂ ಹೊಸದ ಚಲೋ ಐತ್ರಿ. ಏನೂ ಉಳಿಯಂಗಿಲ್ಲ."

ಮರುವಾರ 'ನಿಮ್ಮ ಗುಟ್ಟು ನಿಮ್ಮಲ್ಲೇ' ಎಂಬ ಬೋರ್ಡು ಎರಡೂ ಅಂಗಡಿಗಳ ಮುಂದೆ ತೂಗಿತು.

ಕೆಲವು ದಿನಗಳ ನಂತರ ಯಂತ್ರ ಒರೆಸುತ್ತ ಆ ಮೂಲೆಯನ್ನು ಸುಮ್ಮನೆ ಒತ್ತಿದೆ. ಲೈನ್ ಇರಲಿಲ್ಲ. ಪಟ್ಟಿ ಇಳಿಯಿತು. ನಿನ್ನೆಯವರದ್ದು, ಮೊನ್ನೆಯವರದ್ದು. ಯಾರದೋ ಮದುವೆಯ ಬಯೋಡಾಟಾ, ಯಾರೋ ತಮ್ಮನಿಗೆ ಬರೆದ ಮೇಲ್, ಅಕ್ಷರ ಅಕ್ಷರ. 'ಮುಚ್ಚುವಾಗ ಅಳಿಸು' ಅಳಿಸುತ್ತಿದ್ದದ್ದು ವಿಳಾಸವನ್ನು ಮಾತ್ರ, ಪುಟವನ್ನಲ್ಲ. ಎದ್ದು ಬಾಗಿಲಿಗೆ ಹೋಗಿ ಬೋರ್ಡನ್ನು ನೋಡಿದೆ.

ಮಾಲೀಕರಿಗೆ ಹೇಳಬೇಕಿತ್ತು. ಹೇಳಿದ್ದರೆ "ಮತ್ತ ಪರೀಕ್ಷಾ ಮಾಡೀನಂದ್ರೆಲ್ಲ?" ಎನ್ನುತ್ತಿದ್ದರು. ಆ ಒಂದು ಮಾತಿಗೆ ಹೆದರಿದೆ. ದಿನಾ ಸಂಜೆ ಪುಟಗಳನ್ನು ಕೈಯಿಂದಲೇ ಅಳಿಸತೊಡಗಿದೆ. ಆದರೆ ಅಳಿಸಿದ ಮರುದಿನ ಎಲ್ಲವೂ ಹೊಸದಾಗಿ ಇಳಿಯಬೇಕು, ಅಂಗಡಿ ತೆವಳುತ್ತಿತ್ತು, ಗಿರಾಕಿಗಳು ಗೊಣಗುತ್ತಿದ್ದರು. ನಾನು ಹೊಗಳಿದ ವೇಗದ ಅರ್ಧ ಭಾಗ ಹಿಂದಿನವರು ಬಿಟ್ಟುಹೋದ ಪುಟಗಳದ್ದೇ ಆಗಿತ್ತು. ದಿನಾ ಅಳಿಸುತ್ತಿದ್ದವನು ವಾರಕ್ಕೊಮ್ಮೆಗೆ ಇಳಿದೆ. ಸೋಮವಾರ ಅಳಿಸುವುದು ಎಂದಾಯಿತು.

ಶನಿವಾರ ಮಧ್ಯಾಹ್ನ ಸಾಲೆ ಬಿಟ್ಟ ಮೇಲೆ ಒಬ್ಬ ಮಾಸ್ತರರು ಬರುತ್ತಿದ್ದರು. ಕಾಡಿನ ಅಂಚಿನ ಒಂದು ಹಳ್ಳಿಯವರು. ಹಣೆಯ ಮೇಲೆ ಬೆಳಗಿನ ವಿಭೂತಿ ಇನ್ನೂ ಮಾಸಿರುತ್ತಿರಲಿಲ್ಲ. ಮೂಲೆಯ ಯಂತ್ರವೇ ಅವರಿಗೆ ಬೇಕು. ಜೊತೆಗೆ ಅದೇ ಊರಿನ ಕುರಿ ಕಾಯುವ ಗೆಳೆಯ ಬರುತ್ತಿದ್ದ, ಹೆಗಲ ಮೇಲೆ ಕಂಬಳಿ. ಅವನಿಗೆ ಓದು ಬಾರದು. ಮಾಸ್ತರರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆಯುತ್ತಿದ್ದರು, ಲೈನ್ ಬಿಟ್ಟ ಮೇಲೆ ಹೊಡೆದದ್ದನ್ನು ಅವನ ಕಿವಿಯ ಬಳಿ ಮೆಲ್ಲಗೆ ಓದುತ್ತಿದ್ದರು. ಅವನು ತಿದ್ದುತ್ತಿದ್ದ. "ಆ ಗಾಡಿ ಹಳ್ಳದ ಕಡೀಂದ ಬಂದಿಲ್ರೀ ಮಾಸ್ತರ, ದೇವರಗುಡಿ ಹಿಂದಿಂದ ಬಂತು. ಸರೀ ಬರೀರಿ."

ಒಂದು ಸಲ ಲೈನ್ ಎಷ್ಟು ಹೊತ್ತಾದರೂ ಹತ್ತಲಿಲ್ಲ. ಅವನು ಯಂತ್ರದ ಮುಖವನ್ನೇ ನೋಡುತ್ತ, "ಮಾಸ್ತರ, ಈ ಡಬ್ಬಿಗಿಂತ ನಮ್ಮ ಕುಂಟ ಕುರಿ ಜೋರ ನಡೀತೈತಿ. ಅದರ ಕೊಳ್ಳಿಗೆ ಚೀಟಿ ಕಟ್ಟಿ ಕಳಸೂಣೇನು?" ಎಂದ. ಮೂವರೂ ನಕ್ಕೆವು.

ಅವರು ಏನು ಬರೆಯುತ್ತಾರೆಂದು ನನಗೆ ಗೊತ್ತಿತ್ತು. ಹಿಂದೆ ನಿಂತು ಓದಿದ್ದೆ. ಕಾಡಿನ ಸಾಗವಾನಿ ಮರ ಕಡಿದು ಗಾಡಿಗಳಲ್ಲಿ ಸಾಗಿಸುತ್ತಿದ್ದರು. ಯಾವ ದಾರಿ, ಯಾವ ಗಾಡಿ ಎಂಬುದನ್ನು ಕುರಿಯವನು ಕಂಡು ಹೇಳುತ್ತಿದ್ದ. ಮಾಸ್ತರರು ಅದನ್ನು ಬೆಳಗಾವಿಯ ಒಂದು ಪತ್ರಿಕೆಗೆ, ತಮ್ಮ ಹೆಸರು ಹಾಕಬೇಡಿ ಎಂಬ ಷರತ್ತಿನ ಮೇಲೆ ಬರೆಯುತ್ತಿದ್ದರು.

ಒಂದು ಶನಿವಾರ ಏಳುವಾಗ ಮಾಸ್ತರರು ಬೋರ್ಡಿನ ಕಡೆ ಕೈ ತೋರಿಸಿ ಕೇಳಿದರು.

"ಕಾಕಾರ, ನಾ ಎದ್ದ ಹೋದ ಮ್ಯಾಲ ಇದರಾಗ ಏನರ ಉಳಿತೈತೇನ್ರಿ?"

"ಏನೂ ಉಳಿಯಂಗಿಲ್ರಿ ಸರ. ಮುಚ್ಚಿದ್ರ ಮುಗೀತು."

"ನೋಡಿ ಹೇಳಾಕತ್ತೀರೋ, ಸುಮ್ನ ಹೇಳಾಕತ್ತೀರೋ?"

"ನಾನ ಪರೀಕ್ಷಾ ಮಾಡೇನ್ರಿ."

ಅವರು ಹೋದ ಮೇಲೆ ಅಳಿಸಿದರಾಯಿತು ಎಂದುಕೊಂಡೆ. ಬೇರೆ ಗಿರಾಕಿ ಬಂದರು. ಸೋಮವಾರ ಇದ್ದೇ ಇದೆಯಲ್ಲ ಎಂದುಕೊಂಡೆ.

ಇನ್ನೊಂದನ್ನು ಇಲ್ಲಿಯೇ ಹೇಳಬೇಕು. ಕಟ್ಟಿಗೆ ಅಡ್ಡೆಯ, ಅಂದರೆ ಮರ ಕೊಯ್ದು ಮಾರುವ ಜಾಗದ, ಒಬ್ಬನೂ ನಮ್ಮ ಗಿರಾಕಿಯಾಗಿದ್ದ. ಗೋವಾದ ಹೋಟೆಲಿನವರು ಅವನಿಗೆ ತಮಗೆ ಬೇಕಾದ ಬಾಗಿಲು, ಮಂಚಗಳ ಚಿತ್ರ ಕಳಿಸುತ್ತಿದ್ದರು. ಚಿತ್ರ ಇಳಿಯುವುದಕ್ಕೆ ಹೊತ್ತು ಹಿಡಿಯುತ್ತದೆಂದು ಅವನು ಒಮ್ಮೆ ಸಿಡಿಮಿಡಿಗೊಂಡ. ನಾನು ಹೊಸ ಬ್ರೌಸರಿನ ಹಮ್ಮಿನಲ್ಲಿ ಅವನ ಕೈಯಿಂದಲೇ ಆ ಮೂಲೆ ಒತ್ತಿಸಿದೆ. "ನೋಡ್ರಿ, ಮೊನ್ನೆ ನೋಡಿದ್ದು ಲೈನ್ ಇಲ್ದನ ಬಂತಲ್ಲ?" ಎಂದೆ. ಅವನು ಖುಷಿಯಾಗಿ, "ಕಾಯ್ ಕಾಕಾ, ನೀವ ಇಲ್ಯಾಕದೀರಿ? ಕಾಲೇಜಿನ್ಯಾಗ ಕಲಸಬೇಕು ನೀವು" ಎಂದ. ಆ ಮಾತು ಎರಡು ದಿನ ಬಾಯಲ್ಲಿ ಸಿಹಿಯಾಗಿತ್ತು. ಪಟ್ಟಿಯನ್ನು ನಾನು ತೋರಿಸಿದ್ದು ಅವನೊಬ್ಬನಿಗೆ ಮಾತ್ರ.

ಮುಂದೊಂದು ಭಾನುವಾರ ಬೆಳಿಗ್ಗೆ ಪತ್ರಿಕೆಯಲ್ಲಿ ಸುದ್ದಿ ಬಂತು. ಗಾಡಿಯ ದಾರಿ, ದೇವರಗುಡಿ, ಎಲ್ಲ ಇತ್ತು. ಹೆಸರಿರಲಿಲ್ಲ. ಆದರೆ 'ಖಾನಾಪುರದಿಂದ ಬಂದ ಇ-ಮೇಲ್ ಪ್ರಕಾರ' ಎಂದು ಬರೆದಿದ್ದರು. ಖಾನಾಪುರದಿಂದ ಇ-ಮೇಲ್ ಹೋಗುವುದು ಒಂದೇ ಜಾಗದಿಂದ. ಮಾಸ್ತರರು ನಿನ್ನೆ ಹೊಡೆದದ್ದು ಮೂಲೆಯ ಯಂತ್ರದಲ್ಲಿ ಇನ್ನೂ ಹಾಗೇ ಇತ್ತು. ಚಹಾ ಕುಡಿಯದೆ ಅಂಗಡಿಗೆ ಓಡಿದೆ. ಭಾನುವಾರ ಸಂತೆ. ದಾರಿ ತುಂಬ ಬುಟ್ಟಿಗಳು, ಎತ್ತುಗಳು. ಅಂಗಡಿ ತಲುಪಿದಾಗ ಬಾಗಿಲ ಮುಂದೆ ಅಡ್ಡೆಯವನು ನಿಂತಿದ್ದ. ಜೊತೆಗೊಬ್ಬ ದಪ್ಪ ಮನುಷ್ಯ, ನಾನು ಕಂಡವನಲ್ಲ.

"ತಡಾ ಮಾಡಿದ್ರಲ್ಲ ಕಾಕಾ. ನಿಮ್ಮ ದಾರೀನ ಕಾಯಾಕತ್ತಿದ್ವಿ."

ಬೀಗಕ್ಕೆ ಹಾಕುವಾಗ ಕೀಲಿ ಕೆಳಗೆ ಬಿತ್ತು. ದಪ್ಪ ಮನುಷ್ಯ ಅದನ್ನು ಎತ್ತಿ, ಒರೆಸಿ, ಕೈಗೆ ಕೊಟ್ಟ. ಒಳಗೆ ಬಂದ ಮೇಲೆ ಅವನು ಬಾಗಿಲಲ್ಲೇ ನಿಂತ. ಅಡ್ಡೆಯವನು ಮೊದಲ ಯಂತ್ರದ ಮುಂದೆ ಕೂತ. ನಾನು ಅಭ್ಯಾಸಬಲದಿಂದ ಟೆಲಿಫೋನ್ ವೈರಿಗೆ ಕೈ ಹಾಕಿದೆ.

"ಬ್ಯಾಡ್ರಿ ಕಾಕಾ. ಲೈನ್ ಹಚ್ಚಬ್ಯಾಡ್ರಿ. ನೀವ ಕಲಿಸಿದ್ರಲ್ಲ, ಹಳೇವು ಓದೂದು? ಅದನ್ನ ಓದ್ತೀನಿ."

ಮೂಲೆ ಒತ್ತಿದ. ಪಟ್ಟಿ ಇಳಿಯಿತು. ಒಂದೊಂದನ್ನೇ ತೆರೆದು ನೋಡುತ್ತ ಹೋದ. ಅಂಗಡಿಯಲ್ಲಿ ಆ ಟಕ್ ಟಕ್ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹೊರಗೆ ಸಂತೆಯ ಕೂಗಾಟ. ಮೊದಲ ಯಂತ್ರ ಮುಗಿಸಿ ಎರಡನೆಯದಕ್ಕೆ ಸರಿದ. ಕ್ಯಾಲೆಂಡರಿನ ಹಿಂದೆ ಮೇನ್ ಸ್ವಿಚ್ ಇತ್ತು, ನಾನು ನಿಂತಲ್ಲಿಂದ ಮೂರು ಹೆಜ್ಜೆ. ಆ ಮೂರು ಹೆಜ್ಜೆ ಇಡುವುದು ನನ್ನಿಂದಾಗಲಿಲ್ಲ. ಬಾಗಿಲಲ್ಲಿದ್ದವನು ನನ್ನನ್ನೇ ನೋಡುತ್ತಿದ್ದ.

ಅಡ್ಡೆಯವನು ಮೂಲೆಯ ಯಂತ್ರಕ್ಕೆ ಬಂದ. ಟಕ್. ಟಕ್. ಆಮೇಲೆ ಸದ್ದು ನಿಂತಿತು. ಬೇರೆಯವರ ಪುಟಗಳಿಗೆ ಇಷ್ಟು ಹೊತ್ತು ಹಿಡಿದಿರಲಿಲ್ಲ. ಇದನ್ನು ಓದುತ್ತಿದ್ದ. ತುಟಿ ಅಲುಗುತ್ತಿದ್ದವು.

ಆಗ ನಾನು ಹೋಗಿ ಸ್ವಿಚ್ ಎಳೆದೆ.

ಪರದೆಗಳು ಕಪ್ಪಾದವು. ಅವನು ಕುರ್ಚಿಯಲ್ಲೇ ತಿರುಗಿದ.

"ಕರೆಂಟ್ ಹೋತೇನ್ ಕಾಕಾ?"

"ಹೌದ್ರಿ."

ಅವನು ಬಾಗಿಲಾಚೆ ನೋಡಿದ. ಎದುರಿನ ಚಹಾದಂಗಡಿಯಲ್ಲಿ ಫ್ಯಾನು ತಿರುಗುತ್ತಿತ್ತು, ರೇಡಿಯೋ ಹಾಡುತ್ತಿತ್ತು.

"ಹಾಂ. ಖಾನಾಪುರದ ಕರೆಂಟ್. ಅರ್ಧಾ ಓಣಿಗೆ ಹೋಗತೈತಿ, ಅರ್ಧಾ ಓಣಿಗೆ ಇರತೈತಿ." ಎದ್ದು ನನ್ನ ಹೆಗಲ ಮೇಲೆ ಕೈ ಇಟ್ಟ. "ಮಾಸ್ತರ್ರು ಚಲೋ ಬರೀತಾರ, ಅಲ್ರೀ?"

ಅವರು ಹೋದ ಮೇಲೆ ಕರೆಂಟ್ ಹಾಕಿ ಮೂರೂ ಯಂತ್ರಗಳ ಪುಟಗಳನ್ನೆಲ್ಲ ಅಳಿಸಿದೆ. ಅಟ್ಟ ಮೇಲೆ ಒಲೆ ಉರಿದ ಹಾಗೆ. ಬಾಗಿಲು ಹಾಕಿ ಬಸ್ ನಿಲ್ದಾಣಕ್ಕೆ ಬಂದೆ. ಮಾಸ್ತರರ ಊರಿನ ಬಸ್ಸು ನಿಂತಿತ್ತು, ಅರ್ಧ ತುಂಬಿತ್ತು. ಅದರ ಬಾಜೂಕೆ ಬೆಳಗಾವಿಯ ಬಸ್ಸು. ಮಾಸ್ತರರ ಮನೆಯಲ್ಲಿ ಫೋನಿಲ್ಲ. ನಾನು ಹೋಗಿ ಹೇಳಿದರಷ್ಟೇ ಅವರಿಗೆ ಗೊತ್ತಾಗಬೇಕು. ಆದರೆ ಹೋದರೆ ಏನೆಂದು ಹೇಳುವುದು? 'ಏನೂ ಉಳಿಯಂಗಿಲ್ಲ' ಎಂದ ಬಾಯಿಂದ? ಮೊದಲು ಮಾಲೀಕರಿಗೆ ತಿಳಿಸುವುದು ಕ್ರಮ ಎಂದು ನನಗೆ ನಾನೇ ಹೇಳಿಕೊಂಡೆ. ಬೆಳಗಾವಿಯ ಬಸ್ಸು ಹತ್ತಿದೆ. ಆ ಕ್ಷಣದಲ್ಲಿ ಎದೆ ಹಗುರಾಯಿತು. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಮಾಲೀಕರ ಮನೆ ರಾಮತೀರ್ಥ ನಗರದಲ್ಲಿ. ಅವರ ಹೆಂಡತಿ ಬಾಗಿಲು ತೆರೆದರು. "ಸಾಂಬ್ರಾಕ್ಕ ಹೋಗ್ಯಾರ್ರಿ, ಬೀಗರು ವಿಮಾನದಾಗ ಬರಾಕತ್ತಾರ. ವಿಮಾನ ತಡಾ ಐತಂತ. ಕುಂದರ್ರಿ, ಬರ್ತಾರ." ಚಹಾ ಕೊಟ್ಟರು, ಚೂಡಾ ಕೊಟ್ಟರು. ವರಾಂಡದಲ್ಲಿ ಕೂತೆ. ಎದುರಿನ ಖಾಲಿ ಸೈಟಿನಲ್ಲಿ ಬಿಸಿಲು ಇಳಿಯುತ್ತ ಹೋಯಿತು. ಎರಡು ಸಲ ಎದ್ದು ಗೇಟಿನವರೆಗೆ ಹೋದೆ, ಎರಡು ಸಲವೂ ಬಂದು ಕೂತೆ. ಮಾಲೀಕರು ಬಂದಾಗ ದೀಪ ಹಚ್ಚುವ ಹೊತ್ತು. ಬೀಗರನ್ನು ಒಳಗೆ ಕಳಿಸಿ, ನಿಂತೇ ನನ್ನ ಮಾತು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ, ಸುಳ್ಳು ಪರೀಕ್ಷೆಯನ್ನೂ.

ಅವರು ಸಿಟ್ಟಾಗಲಿಲ್ಲ. "ಮಾಸ್ತರಗ ಹೇಳೀರಿ?" ಎಂದಷ್ಟೇ ಕೇಳಿದರು.

"ಇಲ್ರಿ. ಸೀದಾ ಇಲ್ಲಿಗೇ ಬಂದೆ."

"ಇಲ್ಲಿಗ್ಯಾಕ ಬಂದ್ರಿ?"

ಆ ಹಳ್ಳಿಗೆ ಮತ್ತೆ ಬಸ್ಸು ಇದ್ದದ್ದು ಬೆಳಿಗ್ಗೆಯೇ.

ಬೆಳಿಗ್ಗೆ ಖಾನಾಪುರ ನಿಲ್ದಾಣದಲ್ಲಿ ಇಳಿದಾಗ ಚಹಾದಂಗಡಿಯವನೇ ಹೇಳಿದ. ಮಾಸ್ತರರು ಸಂಜೆ ಹಾಲು ತರಲು ಹೋದಾಗ ಹಳ್ಳದ ಸೇತುವೆ ಬಳಿ ಯಾರೋ ಕೆಡವಿ ಹೊಡೆದಿದ್ದರು. ಬಲಗೈ ಮುರಿದಿತ್ತು, ಬೆರಳು ಜಜ್ಜಿ ಹೋಗಿದ್ದವು. ಅವರನ್ನು ಬೆಳಿಗ್ಗೆಯಷ್ಟೇ ಬೆಳಗಾವಿಯ ಆಸ್ಪತ್ರೆಗೆ ಒಯ್ದಿದ್ದರು. ನಾನು ಬರುವಾಗ ಅವರ ಗಾಡಿ ನನ್ನ ಬಸ್ಸಿನ ಎದುರಿಗೇ ಹಾದುಹೋಗಿರಬೇಕು.

ಆಸ್ಪತ್ರೆಗೆ ಹೋಗಲು ನನಗೆ ಒಂದು ವಾರ ಹಿಡಿಯಿತು. ಮೋಸಂಬಿ ತೆಗೆದುಕೊಂಡು ಹೋದೆ. ಈ ಸಲ ಹೇಳಿಯೇ ಬಿಡುವುದೆಂದು ಗಟ್ಟಿ ಮಾಡಿಕೊಂಡಿದ್ದೆ. ಅವರೇ ಮೊದಲು ಮಾತು ತೆಗೆದರು.

"ಪೇಪರ್ನವ್ರು ಹೆಸರು ಹೇಳೂ ಮಂದಿ ಅಲ್ಲ. ಅವರನ್ನ ಬಿಟ್ರ ಮೂರ ಕಡೆ ಗೊತ್ತಿತ್ತು ಕಾಕಾರ. ನನಗ, ನನ್ನ ಗೆಳ್ಯಾಗ, ನಿಮ್ಮ ಡಬ್ಬಿಗೆ. ಡಬ್ಬ್ಯಾಗ ಏನೂ ಉಳಿಯಂಗಿಲ್ಲ ಅಂತ ನೀವ ಪರೀಕ್ಷಾ ಮಾಡಿ ಹೇಳೀರಿ." ಕಣ್ಣು ಮುಚ್ಚಿಕೊಂಡರು. "ಇನ್ನ ಉಳಿದಾಂವ ಯಾರು, ನೀವ ಹೇಳ್ರಿ."

ನಾನು ಮೋಸಂಬಿಯ ಚೀಲವನ್ನು ಮಂಚದ ಕೆಳಗಿಟ್ಟು ಬಂದೆ.

ಹೊಡೆದವರು ಪೊಲೀಸರಿಗೆ ಸಿಗಲಿಲ್ಲ. ಅಂಗಡಿಯಲ್ಲಿ ಹಳೆಯ ಬ್ರೌಸರ್ ಮರಳಿ ಬಂತು, ಬೋರ್ಡು ಇಳಿಯಿತು. ಮಾಲೀಕರು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಅಡ್ಡೆಯವನು ಎಂದಿನಂತೆ ಬಂದು ಮಂಚದ ಚಿತ್ರ ನೋಡುತ್ತಿದ್ದ. ಅವನು ಬೆದರಿಸಲಿಲ್ಲ. ಬೆದರಿಸುವ ಅಗತ್ಯವೂ ಅವನಿಗಿರಲಿಲ್ಲ.

ಮಾಸ್ತರರು ಊರಿಗೆ ಮರಳಿದ ಮೇಲೆ ಒಂದು ದಿನ ಕುರಿಯವನು ಒಬ್ಬನೇ ಬಂದ. ಗಿರಾಕಿ ಹೋಗುವವರೆಗೂ ಹೊರಗೆ ಕೂತಿದ್ದ. ಆಮೇಲೆ ಒಳಗೆ ಬಂದು ಕಂಬಳಿಯ ಗಂಟು ಬಿಚ್ಚಿದ. ಅದರಲ್ಲಿ ಅವರ ದೇವರ ಭಂಡಾರವಿತ್ತು, ಅರಿಶಿನದ ಪುಡಿ. ಅವರಲ್ಲಿ ಅದನ್ನು ಹಿಡಿದು ಹೇಳಿದ ಮೇಲೆ ಸುಳ್ಳಿಗೆ ಜಾಗವಿಲ್ಲ.

"ಅಣ್ಣಾರ, ನಾ ಓದು ಬಾರದಾಂವ. ಮಾಸ್ತರ ನನ್ನ ಮಾರಿ ನೋಡವಲ್ರು. ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲಂತ ಇದನ್ನ ಹಿಡದ ಹೇಳೇನಿ, ನಂಬವಲ್ರು. ಡಬ್ಬ್ಯಾಗ ಏನ ಇರತೈತಿ ಅನ್ನೂದು ನಿಮಗ ಗೊತ್ತು. ನೀವೂ ಇದನ್ನ ಹಿಡೀರಿ. ಡಬ್ಬಿ ಹೇಳಿತೋ ಇಲ್ಲೋ, ಅಷ್ಟ ಹೇಳ್ರಿ. ನೀವು ಹೇಳಿದ್ರ ಮಾಸ್ತರ ನಂಬತಾರ."

ನಾನು ಕೈ ಚಾಚಿದೆ. ಅವನು ಭಂಡಾರ ಸುರಿದ. ಹೇಳಿದರೆ ಅಡ್ಡೆಯವನ ಹೆಸರು ಬರುತ್ತದೆ, ನನ್ನ ಕೈಯೂ ಹಳ್ಳದ ಬಳಿ ಮುರಿಯುತ್ತದೆ ಎಂಬುದೊಂದೇ ತಲೆಯಲ್ಲಿತ್ತು.

"ಡಬ್ಬ್ಯಾಗ ಏನೂ ಉಳಿಯಂಗಿಲ್ಲಪಾ" ಎಂದೆ.

ಅವನು ತಲೆಯಾಡಿಸಿದ. ಕೆಳಗೆ ಚೆಲ್ಲಿದ್ದ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ಎತ್ತಿಕೊಂಡು, ಹಣೆಗೆ ಹಚ್ಚಿಕೊಂಡು ಹೋದ. ಕೀಲಿಮಣೆಯ ಸಂದಿಯಲ್ಲಿ ಬಿದ್ದದ್ದು ಎಷ್ಟು ಒರೆಸಿದರೂ ಹೋಗಲಿಲ್ಲ.

ಹೋದ ವರ್ಷ ಖಾನಾಪುರ ಬಸ್ ನಿಲ್ದಾಣದಲ್ಲಿ ಇಬ್ಬರನ್ನೂ ಕಂಡೆ. ಇಬ್ಬರಿಗೂ ತಲೆ ಬೆಳ್ಳಗಾಗಿದೆ. ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತು ಒಂದೇ ಊರಿನ ಬಸ್ಸಿಗೆ ಕಾಯುತ್ತಿದ್ದರು. ಬಸ್ಸು ಬಂದಾಗ ಒಬ್ಬ ಮುಂದಿನ ಬಾಗಿಲಿಂದ ಹತ್ತಿದ, ಒಬ್ಬ ಹಿಂದಿನ ಬಾಗಿಲಿಂದ. ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಇಲ್ಲಿಯವರೆಗೆ ಬರೆದದ್ದನ್ನು ಒಯ್ದು ಮಾಸ್ತರರ ಕೈಗೆ ಕೊಟ್ಟೆ. ಅವರು ಕಟ್ಟೆಯ ಮೇಲೆ ಕೂತು ಓದಿದರು. ಹಾಳೆ ತಿರುವಿದ್ದು ಎಡಗೈಯಿಂದ. ಮುಗಿಸಿದ ಮೇಲೆ ಹಾಳೆಗಳ ಅಂಚು ಸರಿಮಾಡಿ ಮಡಚಿದರು. ಬೈದಿದ್ದರೆ ಚೆನ್ನಾಗಿತ್ತು.

"ನನಗ ಹೇಳಿ ಏನ ಮಾಡ್ತೀರಿ? ನಡೀರಿ, ಅಂವನ ಮನಿಗೆ ಹೋಗೂಣು" ಎಂದು ಎದ್ದರು.

ಕುರಿಯವನು ಅಂಗಳದಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದ. ಅಷ್ಟು ವರ್ಷಗಳ ಮೇಲೆ ತನ್ನ ಅಂಗಳಕ್ಕೆ ಕಾಲಿಟ್ಟ ಮಾಸ್ತರರನ್ನು ಕಂಡು ಏಳಲು ಹೋದ. ಮಾಸ್ತರರು ಅವನ ಪಕ್ಕದಲ್ಲಿ ಕೂತು, ಹಿಂದೆ ಮೂಲೆಯ ಯಂತ್ರದ ಮುಂದೆ ಓದುತ್ತಿದ್ದ ಹಾಗೆಯೇ ಅವನ ಕಿವಿಯ ಬಳಿ ಬಗ್ಗಿ ಮೊದಲಿನಿಂದ ಓದಿದರು. ಎಲ್ಲಿಯೂ ಬಿಡಲಿಲ್ಲ. ಕುಂಟ ಕುರಿಯ ಮಾತು ಬಂದಾಗ ಅವನು ಒಂದಿಷ್ಟು ನಕ್ಕ. ಭಂಡಾರದ ಮಾತು ಬಂದಾಗ ಉಣ್ಣೆಯ ಮೇಲಿನ ಕೈ ನಿಂತಿತು.

ಓದಿ ಮುಗಿದ ಮೇಲೆ ಅವನು ಮಾಸ್ತರರಿಗೇ ಹೇಳಿದ. "ಮಾಸ್ತರ, ನೀವು ಅಷ್ಟ ಗಟ್ಟಿ ಅಂದ ಮ್ಯಾಲ ನನಗೂ ಸಂಶೇ ಬಂದಿತ್ರೀ. ಕುಡದಾಗ ನಾನ ಯಾರ ಮುಂದರ ಅಂದಿದ್ನೇನೋ ಅಂತ. ಇಷ್ಟ ವರ್ಷ ನಾನ ಹೇಳೀನಿ ಅಂತ ತಿಳಕೊಂಡ ಬದಕೀನ್ರಿ."

ಮಾಸ್ತರರು ಮುರಿದ ಕೈಯನ್ನು ಅವನ ಮೊಣಕಾಲ ಮೇಲೆ ಇಟ್ಟರು. ನಾನು ನಿಂತೇ ಇದ್ದೆ, ಕೂರು ಎಂದು ಯಾರೂ ಹೇಳಲಿಲ್ಲ.

ಆಮೇಲೆ ಕುರಿಯವನು ತಲೆ ಎತ್ತಿ ನನ್ನನ್ನು ನೋಡಿದ. "ಅಣ್ಣಾರ, ಅವತ್ತ ಭಂಡಾರ ಹಿಡದದ್ದು ಯಾವ ಕೈ?"

ಬಲಗೈ ಚಾಚಿ ತೋರಿಸಿದೆ. ಅವನು ಅದನ್ನು ಬಹಳ ಹೊತ್ತು ನೋಡಿದ, ಮುಟ್ಟಲಿಲ್ಲ. ಆಮೇಲೆ ಮತ್ತೆ ಉಣ್ಣೆ ಬಿಡಿಸತೊಡಗಿದ.